ಅತಿಥಿಗಳ ರೂಮು

ಅಪ್ಪ ಮನೆಯನ್ನು ಚೀಲದ ಲೆಕ್ಕದಲ್ಲಿ ಅಳೆದ.

"ಇದರಲ್ಲಿ ಇನ್ನೂರು ಚೀಲ ಹಿಡಿಯುತ್ತೆ," ಅಂದ, ಮೊದಲನೇ ರೂಮಿನ ನಡುವೆ ನಿಂತು ಮೇಲೆ ನೋಡುತ್ತಾ. ಎರಡನೆಯದಕ್ಕೆ ಹೋಗಿ, "ಇದರಲ್ಲಿ ನೂರೈವತ್ತು. ಕಿಟಕಿ ಮುಚ್ಚಿದರೆ ಇನ್ನೂ ಇಪ್ಪತ್ತು ಸೇರಿಸಬಹುದು."

ಬೀಜದಂಗಡಿ ಯಜಮಾನರು ಬಾಗಿಲಿಗೆ ಒರಗಿ ನಿಂತಿದ್ದರು. ಮನೆ ಅವರದು. ಅಂಗಡಿ ಆಗಲೇ ಮಾರಿಯಾಗಿತ್ತು, ಮಗಳ ಊರಿಗೆ ಹೊರಟಿದ್ದರು. "ಇದು ಮನುಷ್ಯರು ಇರೋಕೆ ಕಟ್ಟಿಸಿದ ಮನೆ ಕಣಯ್ಯ," ಅಂದರು.

"ಮನುಷ್ಯರಿಗೆ ಚೀಲಕ್ಕಿಂತ ಕಮ್ಮಿ ಜಾಗ ಸಾಕು ಯಜಮಾನ್ರೇ. ಒಬ್ಬರ ಮೇಲೊಬ್ಬರನ್ನ ಪೇರಿಸಬಹುದು. ಇಷ್ಟು ವರ್ಷ ನಾವು ಹಾಗೇ ಅಲ್ವಾ ಇದ್ದದ್ದು?"

ಅಪ್ಪ ತಮಾಷೆಗೆ ಅಂದದ್ದು ನಿಜವೇ ಆಗಿತ್ತು. ಕಾಳಿನ ಮಾರುಕಟ್ಟೆಯ ಹಿಂದಿನ ಎರಡು ರೂಮುಗಳಲ್ಲಿ ನಾವು ಆರು ಜನ ಇದ್ದೆವು. ಅಣ್ಣ ಅತ್ತಿಗೆಗೆ ಒಂದು ರೂಮು. ಇನ್ನೊಂದರಲ್ಲಿ ಗೋಡೆಯ ಕಡೆ ಅಪ್ಪ, ಅವನ ಪಕ್ಕ ಅಮ್ಮ, ಮಂಚದ ಮೇಲೆ ಅಜ್ಜಿ, ಅಜ್ಜಿಯ ಕಾಲ ಬುಡದಲ್ಲಿ ನಾನು. ಉಳಿದ ಜಾಗವೆಲ್ಲ ಚೀಲದ್ದು. ನಮ್ಮದು ಹರಿದ ಗೋಣಿಚೀಲ ಹೊಲಿಯುವ ಮನೆ. ಸುತ್ತಲ ಹೊಲಗಳ ಕಾಳೆಲ್ಲ ನಮ್ಮೂರಿಗೆ ಬರುತ್ತದೆ, ಚೀಲ ಖಾಲಿಯಾಗುತ್ತದೆ, ಹರಿದದ್ದು ನಮ್ಮ ಅಂಗಳಕ್ಕೆ ಬೀಳುತ್ತದೆ. ಕೊಡವಿ, ತೇಪೆ ಹಾಕಿ, ಅಂಚು ಹೊಲಿದು, ಐವತ್ತರ ಕಟ್ಟು ಮಾಡಿ ವಾಪಸ್ಸು ಕೊಡುತ್ತೇವೆ. ಗೇಣುದ್ದದ ದಬ್ಬಳ ಹಿಡಿಯುವುದರಿಂದ ಊರಿಗೆಲ್ಲ ನಾವು ದಬ್ಬಳದವರು.

ಅಂಥವರು ಹನ್ನೊಂದು ರೂಮಿನ ಮನೆ ಕೊಳ್ಳುತ್ತಾರಂತೆ ಅನ್ನುವ ಸುದ್ದಿ ಚಹಾದಂಗಡಿಗೆ ನಮಗಿಂತ ಮೊದಲು ಮುಟ್ಟಿತ್ತು.

"ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲೋ," ಅಂದನಂತೆ ಮಾರುಕಟ್ಟೆಯ ತಕ್ಕಡಿಯವನು.

ಅಪ್ಪ ಆ ದಿನ ಊಟಕ್ಕೆ ಕೂತು ಅದನ್ನು ನಮಗೆಲ್ಲ ಹೇಳಿದ. ಅನ್ನಕ್ಕೆ ಬೇಳೆ ಕಲಸುತ್ತಾ, "ನಾನೇನಂದೆ ಗೊತ್ತಾ?" ಅಂದ. "ದಬ್ಬಳ ಹಿಡಿಯೋ ಕೈ ಬೀಗದ ಕೈ ಹಿಡೀಬಾರದು ಅಂತ ಎಲ್ಲಿ ಬರೆದಿದೆ ತೋರಿಸು ಅಂದೆ."

"ಅವನಿಗೆ ಓದೋಕೆ ಬರಲ್ಲ, ಎಲ್ಲಿ ತೋರಿಸ್ತಾನೆ?" ಅಂದಳು ಅಜ್ಜಿ.

"ಅದಕ್ಕೇ ಕೇಳಿದ್ದು."

ನಾವೆಲ್ಲ ನಕ್ಕೆವು. ಅವತ್ತು ಅಪ್ಪ ಎರಡು ಸಲ ಅನ್ನ ಹಾಕಿಸಿಕೊಂಡ. ಆ ಮಾತು ನನಗೆ ಬಹಳ ಹಿಡಿಸಿತ್ತು. ಮಾರನೇ ದಿನ ಹೊಲಿಯುತ್ತಾ ನಾಲ್ಕೈದು ಸಲ ಒಳಗೇ ಹೇಳಿಕೊಂಡೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆ ವರ್ಷ ಅಮ್ಮನ ಬಲಗೈ ಹೆಬ್ಬೆರಳು ಊದಿಕೊಂಡು ದಬ್ಬಳ ಹಿಡಿಯಲಾರದೆ ಹೋಯಿತು. ಎರಡು ತಿಂಗಳು ನೀನು ಕೂತ್ಕೋ, ಆಮೇಲೆ ಹೋಗುವೆಯಂತೆ ಅಂದರು. ಬೆರಳು ಕಮ್ಮಿಯಾಯಿತು, ಎರಡು ತಿಂಗಳು ಮುಗಿಯಲಿಲ್ಲ. ಈಗ ನನಗೆ ಹತ್ತೊಂಬತ್ತು.

ನನ್ನದು ಎಡಗೈ. ಅಜ್ಜಿ ನನ್ನನ್ನು ಕರೆಯುವುದೇ ಎಡಚಿ ಎಂದು. "ಎಡಗೈಲಿ ಹೊಲಿದ ಚೀಲದಲ್ಲಿ ಕಾಳು ನಿಲ್ಲಲ್ಲ," ಅಂತ ಮೊದಲ ವರ್ಷವೆಲ್ಲ ಬೈದಳು. ಕಾಳು ನಿಂತಿತು, ಬೈಗುಳವೂ ನಿಂತಿತು, ಎಡಚಿ ಅನ್ನುವುದು ಮಾತ್ರ ಉಳಿಯಿತು. ಹೊಲಿದ ಚೀಲದ ಮೂಲೆಯಲ್ಲಿ ಹೊಲಿದವರ ಗುರುತು ಹಾಕುವುದು ನಮ್ಮ ಕೆಲಸದ ರೀತಿ. ಬಿಚ್ಚಿಕೊಂಡರೆ ಯಾರನ್ನು ಬೈಯಬೇಕೆಂದು ಗೊತ್ತಾಗಬೇಕಲ್ಲ. ಅಪ್ಪನದು ಒಂದು ನೆಟ್ಟಗಿನ ಗೆರೆ, ಅಮ್ಮನದು ಗಂಟು, ಅತ್ತಿಗೆಯದು ಸೊನ್ನೆ, ಅಣ್ಣನದು ಎರಡು ಗೆರೆ. ನನ್ನದು ಮೂರು ಓರೆ ಗೆರೆ.

*

ಮುಂಗಡ ಕೊಟ್ಟ ಮೇಲೆ ಯಜಮಾನರು ಗುಡಿಸಿ ತೊಳೆದುಕೊಳ್ಳಲೆಂದು ಒಂದು ಬೀಗದ ಕೈ ಕೊಟ್ಟರು. ಜೊತೆಗೆ ಒಂದು ಮಾತನ್ನೂ ಕೊಟ್ಟರು. "ನೋಡಿ, ಇದು ಮರ್ಯಾದಸ್ಥರ ಬೀದಿ. ಗೋಣಿ ಕೆಲಸ ಏನಿದ್ದರೂ ಹಿಂದೆ ಇಟ್ಕೊಳ್ಳಿ. ಬೀದಿಗೆ ಕಾಣಬಾರದು."

"ಹಾಗೇ ಆಗಲಿ," ಅಂದುಬಿಟ್ಟ ಅಣ್ಣ. ಅಪ್ಪ ಬೀಗದ ಕೈಯನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ.

ಮಾರುಕಟ್ಟೆ ರಜೆಯ ದಿನ ಎಲ್ಲರೂ ಪೊರಕೆ, ಬಕೆಟ್ಟು ಹಿಡಿದು ಹೋದೆವು. ಮಧ್ಯಾಹ್ನಕ್ಕೆ ಬ್ರೆಡ್ಡು, ಬೇಯಿಸಿದ ಮೊಟ್ಟೆ ಒಯ್ದಿದ್ದೆವು. ನಾನು ಏಳು ರೂಮು ಗುಡಿಸಿದೆ, ನಾಲ್ಕು ಅತ್ತಿಗೆ ಗುಡಿಸಿದಳು. ಬೀದಿ ಕಡೆ ಒಂದು ರೂಮು ಇತ್ತು. ದೊಡ್ಡದಲ್ಲ. ನೂರು ಚೀಲವೂ ಹಿಡಿಯದು. ಎದೆಮಟ್ಟದಿಂದ ಮೇಲಿನವರೆಗೆ ಕಿಟಕಿ, ಕಿಟಕಿಯ ಕೆಳಗೆ ಕೂರುವಷ್ಟು ಅಗಲದ ಕಟ್ಟೆ. ಬೆಳಕು ಎಡಗಡೆಯಿಂದ ಬೀಳುತ್ತಿತ್ತು. ಆ ರೂಮನ್ನು ಎರಡು ಸಲ ಗುಡಿಸಿದೆ.

ಊಟ ಆದ ಮೇಲೆ ಅಣ್ಣ ಜೇಬಿನಿಂದ ಸೀಮೆಸುಣ್ಣ ತೆಗೆದ. ಮಾರುಕಟ್ಟೆಯಲ್ಲಿ ಮೂಟೆಯ ರಾಶಿಗೆ ಹೆಸರು ಬರೆಯುತ್ತಾರಲ್ಲ, ಹಾಗೆ ಬಾಗಿಲು ಬಾಗಿಲಿಗೆ ಬರೆಯುತ್ತಾ ಹೊರಟ. ನಾವು ಹಿಂದೆ ಹಿಂದೆ.

"ಇದು ಹಾಲ್. ಇದು ಅಡಿಗೆಮನೆ. ಇದು ಅಜ್ಜಿ. ಇದು ಅಪ್ಪ ಅಮ್ಮ. ಇದು ನಾವು."

"ಅದರ ಪಕ್ಕದ್ದು?" ಅತ್ತಿಗೆ ಕೇಳಿದಳು.

"ಮಕ್ಕಳಿಗೆ."

"ಯಾರ ಮಕ್ಕಳಿಗೋ?" ಅಜ್ಜಿ ಕೇಳಿದಳು.

"ಮುಂದೆ ಹುಟ್ಟೋ ಮಕ್ಕಳಿಗಜ್ಜಿ."

"ಕೂಸು ಹುಟ್ಟೋ ಮುಂಚೆ ಕುಲಾವಿ ಕೇಳಿದ್ದೆ. ನೀನು ರೂಮೇ ಕಟ್ಟಿಬಿಟ್ಟೆಯಲ್ಲೋ!"

ಅತ್ತಿಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಣ್ಣ ಬರೆಯುತ್ತಾ ಹೋದ. ಹರಿದ ಚೀಲಕ್ಕೊಂದು, ಹೊಲಿದ ಚೀಲಕ್ಕೊಂದು, ಹುರಿಗೊಂದು. ಯಜಮಾನರು ಬಿಟ್ಟುಹೋಗಲಿರುವ ಮುರುಕು ಕುರ್ಚಿಗಳಿಗೆ ಒಂದು. ಕೊನೆಗೆ ಬೀದಿ ಕಡೆಯ ರೂಮಿನ ಬಾಗಿಲ ಮೇಲೆ ದೊಡ್ಡದಾಗಿ ಬರೆದ: ಅತಿಥಿಗಳು.

ಹನ್ನೊಂದು ಮುಗಿಯಿತು. ಅಣ್ಣ ಕೈ ಕೊಡವಿಕೊಂಡ.

ಅಮ್ಮ ನನ್ನನ್ನು ನೋಡಿದಳು, ಆಮೇಲೆ ಬಾಗಿಲನ್ನು. "ಇವಳಿಗೆ?"

"ಅವಳು ಅಜ್ಜಿ ಜೊತೆ ಮಲಗ್ತಾಳೆ. ಈಗ ಮಲಗ್ತಾ ಇಲ್ವಾ?"

"ನಾಳೆ ಇನ್ನೊಂದು ಮನೆಗೆ ಹೋಗೋಳಿಗೆ ರೂಮು ಯಾಕೆ?" ಅಂದಳು ಅಜ್ಜಿ. ಸಿಟ್ಟಿನಿಂದಲ್ಲ, ಮೊಟ್ಟೆಗೆ ಉಪ್ಪು ಸಾಕು ಅನ್ನುವಂತೆ ಅಂದಳು. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು."

ಅಪ್ಪ ಹುರಿ ರೂಮಿನ ಗೋಡೆಗೆ ಎಷ್ಟು ಮೊಳೆ ಬೇಕೆಂದು ಎಣಿಸುತ್ತಿದ್ದ.

ನಮ್ಮ ಮನೆಗೆ ಅತಿಥಿಗಳು ಬರುವುದೇ ಇಲ್ಲ. ಬಂದರೆ ವರ್ಷಕ್ಕೊಮ್ಮೆ ಸೋದರತ್ತೆ. ಅವಳಿಗೂ ನಮ್ಮಲ್ಲಿ ನಿದ್ದೆ ಬರುವುದಿಲ್ಲ, ಗೋಣಿ ದೂಳಿಗೆ ಸೀನುತ್ತಾ ಮಾರನೇ ದಿನವೇ ಹೊರಡುತ್ತಾಳೆ. ಬಾರದ ಅತಿಥಿಗೆ, ಹುಟ್ಟದ ಮಗುವಿಗೆ, ಮುರಿದ ಕುರ್ಚಿಗೆ ಬಾಗಿಲಿತ್ತು. ನಾನು ಪೊರಕೆ ತೊಳೆದು ಬಿಸಿಲಿಗೆ ಇಟ್ಟೆ.

*

ಮಾರನೇ ಬೆಳಿಗ್ಗೆ ಚಹಾ ಕುಡಿದು ಲೋಟ ತೊಳೆದಿಟ್ಟೆ. ನನ್ನ ದಬ್ಬಳವನ್ನು ಅಜ್ಜಿಯ ಮಂಚದ ಮೇಲೆ, ಅವಳ ಕೈಗೆಟಕುವ ಹಾಗೆ ಇಟ್ಟೆ.

"ಇದೇನೇ ಎಡಚಿ?"

"ನಾಳೆ ಹೋಗೋಳು ಇವತ್ತು ಯಾಕಜ್ಜಿ ಹೊಲೀಬೇಕು?"

ಅಷ್ಟು ಉದ್ದದ ಮಾತನ್ನು ನಾನು ಆಡಿದ್ದು ಅಪರೂಪ. ಅಣ್ಣ ಚಪ್ಪಲಿ ಹಾಕಿಕೊಳ್ಳುತ್ತಿದ್ದವನು ನಕ್ಕ. "ಓಹೋ, ಮೂಕಿಗೆ ಬಾಯಿ ಬಂತು!"

"ಸಾಯಂಕಾಲದ ಹೊತ್ತಿಗೆ ಸರಿಹೋಗ್ತಾಳೆ ಬಿಡು," ಅಂದ ಅಪ್ಪ.

ಸರಿಹೋಗಲಿಲ್ಲ. ನೀರು ತಂದೆ, ಅಡಿಗೆ ಮಾಡಿದೆ, ಬಟ್ಟೆ ಒಗೆದೆ, ಅಜ್ಜಿಯ ಕಾಲು ಒತ್ತಿದೆ. ದಬ್ಬಳ ಮುಟ್ಟಲಿಲ್ಲ. ಹರಿದ ಚೀಲಗಳು ಮೊದಲು ಬಾಗಿಲ ಮಟ್ಟಕ್ಕೆ ಬಂದವು, ಆಮೇಲೆ ಕಿಟಕಿ ಮುಚ್ಚಿದವು. ಕೊಯ್ಲಿನ ಕಾಲ. ಗಿರಣಿಯಮ್ಮ ಆರುನೂರು ಚೀಲ ಕೇಳಿದ್ದಳು. ಆ ಆರುನೂರನ್ನು ನಂಬಿಕೊಂಡೇ ಅಪ್ಪ ರಿಜಿಸ್ಟರ್ ದಿನ ಗೊತ್ತುಮಾಡಿದ್ದ. ಆ ದಿನ ತಪ್ಪಿದರೆ ಮನೆಯನ್ನು ಗೊಬ್ಬರದಂಗಡಿಯವರಿಗೆ ಕೊಡುತ್ತೇನೆ ಎಂದು ಯಜಮಾನರು ಮೊದಲೇ ಹೇಳಿದ್ದರು.

ನಾಲ್ಕನೇ ದಿನ ಅಪ್ಪ ತಟ್ಟೆ ಸರಿಸಿದ. "ನಿನ್ನ ಒಂದು ರೂಮಿನ ಹಟಕ್ಕೆ ಹನ್ನೊಂದು ರೂಮು ಹೋಗುತ್ತೆ. ಗೊತ್ತಾ?"

"ನಿಮ್ಮದು ಹನ್ನೊಂದು ಹೋಗುತ್ತೆ. ನನಗೆ ಒಂದೂ ಬಂದೇ ಇರಲಿಲ್ಲವಲ್ಲಪ್ಪ."

"ನೋಡಿದ್ಯಾ ಇವಳ ಬಾಯಿ!" ಅಪ್ಪ ಅಮ್ಮನ ಕಡೆ ತಿರುಗಿದ. "ನೀನು ಹೇಳು."

"ನಾಳೆ ಹೋಗೋಳು ಅಂತ ನೀವೆಲ್ಲ ಹೇಳಿದ್ದನ್ನೇ ಅವಳೂ ಹೇಳ್ತಿದಾಳೆ. ನನ್ನನ್ನ ಯಾಕೆ ಕೇಳ್ತೀರಿ?" ಅಮ್ಮ ಎದ್ದುಹೋದಳು.

ಅಮ್ಮನ ಹೆಬ್ಬೆರಳು ಮತ್ತೆ ಊದಿತ್ತು. ನನ್ನ ಪಾಲನ್ನೂ ಅವಳೇ ಹೊಲಿಯುತ್ತಿದ್ದಳು. ನಲ್ಲಿಯ ಹತ್ತಿರ ಪಾತ್ರೆ ತೊಳೆಯುವಾಗ ನಾನು ಅವಳ ಬೆರಳನ್ನೇ ನೋಡುತ್ತಿದ್ದೆ. ಅವಳಿಗೆ ಗೊತ್ತಾಯಿತು. ಕೈಯನ್ನು ನೀರೊಳಗೆ ಹಾಕಿಕೊಂಡಳು.

"ಇದನ್ನ ನೋಡಿ ದಬ್ಬಳ ಎತ್ಕೋಬೇಡ," ಅಂದಳು. "ಒಂದು ಸಲ ಇದನ್ನ ನೋಡಿಯೇ ನೀನು ಶಾಲೆ ಬಿಟ್ಟದ್ದು."

ನಾನು ಪಾತ್ರೆ ತಿಕ್ಕಿದೆ. ಅವಳು ತೊಳೆದಳು.

ಅತ್ತಿಗೆ ಸಂಧಾನಕ್ಕೆ ಬಂದಳು. "ನಮಗೆ ಮಗು ಆಗೋವರೆಗೆ ಮಕ್ಕಳ ರೂಮಲ್ಲಿ ಇರು. ಆಮೇಲೆ ನೋಡೋಣ."

"ಮಗು ಹುಟ್ಟಿದರೆ ನಾನು ಎದ್ದು ಹೋಗಬೇಕು. ಹುಟ್ಟದಿದ್ದರೆ ನನ್ನ ಕಣ್ಣು ಬಿತ್ತು ಅಂತಾರೆ. ಬೇಡ ಅತ್ತಿಗೆ."

"ಅದೂ ನಿಜ," ಅಂದಳು ಅವಳು.

*

ಹನ್ನೊಂದನೇ ದಿನ ಗಿರಣಿಯಮ್ಮ ತಾನೇ ಬಂದಳು. ಗಂಡ ಸತ್ತ ಮೇಲೆ ಅಕ್ಕಿ ಗಿರಣಿಯನ್ನು ಒಬ್ಬಳೇ ನಡೆಸುವವಳು. ತಲೆಗೂದಲಿನ ಮೇಲೆ ಯಾವಾಗಲೂ ತೌಡಿನ ಪುಡಿ ಇರುತ್ತಿತ್ತು. ಕಂಕುಳಲ್ಲಿದ್ದ ಹರಿದ ಚೀಲವನ್ನು ಅಂಗಳದ ನಡುವೆ ಎಸೆದಳು.

"ತೂಕಕ್ಕೆ ಎತ್ತಿದ್ದೇ ಬಿಚ್ಚಿಕೊಳ್ತು. ಅರ್ಧ ಮೂಟೆ ಅಕ್ಕಿ ನೆಲದ ಮೇಲೆ. ಒಂದಲ್ಲ, ಹದಿನಾರು ಚೀಲ! ಗುಬ್ಬಿಗಳಿಗೆ ನಮ್ಮ ಗಿರಣಿಲಿ ಮದುವೆ ಊಟ."

ಅಪ್ಪ ಚೀಲ ಎತ್ತಿ ಮೂಲೆ ನೋಡಿದ. ಮೂರು ಗೆರೆ. ಅವನ ಮುಖ ಕೆಂಪಾಯಿತು. "ಎಡಚೀ! ಬಾ ಇಲ್ಲಿ."

ನಾನು ಒಲೆ ಸಣ್ಣ ಮಾಡಿ ಬಂದೆ. ಚೀಲ ನೋಡಿದೆ.

"ಇದು ನಂದಲ್ಲ."

"ನಿನ್ನ ಗುರುತು ಅಲ್ವೇನೇ ಇದು?"

"ಗುರುತು ನಂದು. ಕೈ ನಂದಲ್ಲ." ಬಾಗಿಲ ಹಿಂದಿನ ಹಳೇ ಕಟ್ಟಿನಿಂದ ನನ್ನದೊಂದು ಚೀಲ ಎಳೆದು ಪಕ್ಕದಲ್ಲಿಟ್ಟೆ. "ನನ್ನ ಗೆರೆ ಎಡಕ್ಕೆ ವಾಲುತ್ತೆ. ಇದು ಬಲಕ್ಕೆ ವಾಲಿದೆ."

ಎಲ್ಲರೂ ಬಗ್ಗಿ ನೋಡಿದರು. ಅಜ್ಜಿಯೂ ಮಂಚದಿಂದ ಇಳಿದು ಬಂದಳು. ಆರು ವರ್ಷ ಒಂದೇ ಅಂಗಳದಲ್ಲಿ ಕೂತು ಹೊಲಿದರೂ ಯಾರೂ ಅದನ್ನು ನೋಡಿರಲಿಲ್ಲ. ಅಣ್ಣ ಮಾತ್ರ ಬಗ್ಗಲಿಲ್ಲ. ಕತ್ತು ಕೆರೆದುಕೊಳ್ಳುತ್ತಾ ನಿಂತಿದ್ದ.

"ನೀನಾ?" ಅಂದ ಅಪ್ಪ.

"ಮತ್ತೇನು ಮಾಡಲಿ? ಮೂರು ಗೆರೆ ಇಲ್ಲದಿದ್ರೆ ಇವರು ತಗೊಳ್ಳೋದೇ ಇಲ್ವಲ್ಲ!"

ಚೀಲ ಒಯ್ದು ಕೊಡುತ್ತಿದ್ದವನು ಅಣ್ಣ. ಅವನಿಗೆ ಮೊದಲಿನಿಂದ ಗೊತ್ತಿತ್ತು. ಮನೆಯಲ್ಲಿ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ.

"ಹೌದು, ನಾನು ಆರಿಸಿ ತಗೊಳ್ಳೋಳು," ಅಂದಳು ಗಿರಣಿಯಮ್ಮ. "ಮೂರು ಗೆರೆ ಚೀಲವನ್ನ ಎತ್ತಿ ಒಗೆದರೂ ಬಿಚ್ಚಲ್ಲ. ಯಾರೋ ಗಟ್ಟಿ ಗಂಡಸಿನ ಕೈ ಅಂದ್ಕೊಂಡಿದ್ದೆ." ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಊಟ ಮಾಡ್ತೀಯೇನೇ ನೀನು?"

"ಮಾಡ್ತೀನಿ."

"ಎಂಟು ದಿನ ಕೊಡ್ತೀನಿ. ಆರುನೂರು. ಎಡಕ್ಕೆ ವಾಲಿರಬೇಕು. ಇಲ್ಲದಿದ್ದರೆ ಹೊಸ ಚೀಲ ತರಿಸ್ಕೋತೀನಿ."

ಅವಳು ಹೋದ ಮೇಲೆ ಅಪ್ಪ ಕಟ್ಟೆಯ ಮೇಲೆ ಕೂತ. ಅಜ್ಜಿ ದಬ್ಬಳ ತಂದು ನನ್ನ ಮುಂದೆ ಹಿಡಿದಳು. "ತಗೋ. ಮನೆ ಮರ್ಯಾದೆ ಪ್ರಶ್ನೆ."

"ಯಾವ ಮನೆ ಅಜ್ಜಿ?"

"ಹಟಮಾರಿ! ಹೆಣ್ಣುಮಗಳು ಮನೇಲಿ ಪಾಲು ಕೇಳ್ತಾಳಾ? ಕೊಟ್ಟ ಹೆಣ್ಣು ಕುಲಕ್ಕೆ..."

"ಇನ್ನೂ ಕೊಟ್ಟಿಲ್ವಲ್ಲ."

ಅತ್ತಿಗೆಗೆ ನಗು ತಡೆಯಲಾಗಲಿಲ್ಲ. ಕೆಮ್ಮಿದಳು.

ನಾನು ಅಪ್ಪನ ಮುಂದೆ ಹೋಗಿ ನಿಂತೆ. ಮಾತು ಮೊದಲೇ ಬಾಯಿಪಾಠ ಆಗಿತ್ತು. "ಅಪ್ಪಾ, ದಬ್ಬಳ ಹಿಡಿಯೋ ಕೈ ಬೀಗದ ಕೈ ಹಿಡೀಬಾರದು ಅಂತ ಎಲ್ಲಿ ಬರೆದಿದೆ?"

ಅಪ್ಪ ನನ್ನ ಮುಖ ನೋಡಿದ. ಚಹಾದಂಗಡಿಯಲ್ಲಿ ತಕ್ಕಡಿಯವನು ಹೀಗೇ ಬಾಯಿ ತೆರೆದು ಕೂತಿದ್ದಿರಬೇಕು.

"ಯಾವ ರೂಮು?" ಅಂದ ಕೊನೆಗೆ.

"ಬೀದಿ ಕಡೆಯದು."

"ಅದು ಅತಿಥಿಗಳದ್ದು!" ಅಂದ ಅಣ್ಣ.

"ಅತಿಥಿಗಳು ಬಂದು ಆರುನೂರು ಚೀಲ ಹೊಲೀಲಿ ಹಾಗಾದ್ರೆ."

ಅಪ್ಪ ಸೊಂಟದಿಂದ ಬೀಗದ ಕೈ ಬಿಚ್ಚಿದ. ಕೈಗೆ ಕೊಡಲಿಲ್ಲ, ಕಟ್ಟೆಯ ಮೇಲಿಟ್ಟ. ನಾನೇ ಎತ್ತಿಕೊಂಡೆ. ಎಡಗೈಯಲ್ಲಿ.

*

ಚೀಲಗಳನ್ನು ಗಾಡಿಗೆ ಹೇರಿಸಿಕೊಂಡು ಹೊಸ ಮನೆಗೇ ಒಯ್ದೆ. 'ಅತಿಥಿಗಳು' ಅನ್ನುವುದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅಣ್ಣನ ಸೀಮೆಸುಣ್ಣದಿಂದಲೇ ಮೂರು ಗೆರೆ ಎಳೆದೆ. ಕಿಟಕಿ ಪೂರ್ತಿ ತೆರೆದು ಕಟ್ಟೆಯ ಮೇಲೆ ಕೂತು ಹೊಲಿಯಲು ಶುರುಮಾಡಿದೆ. ಅಮ್ಮ ಪಕ್ಕದಲ್ಲಿ ಕೂತು ಹುರಿ ಕತ್ತರಿಸಿ ಕೊಟ್ಟಳು. ದಬ್ಬಳ ಮುಟ್ಟಲು ನಾನು ಬಿಡಲಿಲ್ಲ. ಅಣ್ಣ ಚೀಲ ಕೊಡವಿದ. ಕೊಡವಿದ ದೂಳು ಬೀದಿಗೆ ಹೋಯಿತು.

ಎರಡನೇ ದಿನ ಬೀಜದಂಗಡಿ ಯಜಮಾನರು ಮೂಗಿಗೆ ವಸ್ತ್ರ ಹಿಡಿದು ಕಿಟಕಿಯ ಹೊರಗೆ ನಿಂತರು. ಅವರ ಹಿಂದೆ ಪಕ್ಕದ ಮನೆಯ ಇಬ್ಬರು.

"ಇದೇನಯ್ಯ, ಬೀದಿಗೆ ಕಾಣಬಾರದು ಅಂದಿರಲಿಲ್ವಾ ನಾನು?"

ಅಣ್ಣ ಕಿಟಕಿ ಮುಚ್ಚಲು ಕೈ ಹಾಕಿದ. ನಾನು ದಬ್ಬಳವನ್ನು ಚೌಕಟ್ಟಿನ ಸಂದಿಗೆ ಸಿಕ್ಕಿಸಿ ಹಾಗೇ ಹಿಡಿದೆ. ಕಿಟಕಿ ಮುಚ್ಚಿಕೊಳ್ಳಲಿಲ್ಲ. ಒಳಗಿನಿಂದ ಅಪ್ಪ ಬಂದ. ಯಜಮಾನರನ್ನು ನೋಡಿದ, ನನ್ನನ್ನು ನೋಡಿದ.

"ಆ ಮಾತು ಕೊಟ್ಟವನು ನನ್ನ ಮಗ ಯಜಮಾನ್ರೇ," ಅಂದ. "ರೂಮು ನನ್ನ ಮಗಳದ್ದು. ಅವಳನ್ನೇ ಕೇಳಿ."

ಅವರು ನನ್ನನ್ನು ಕೇಳಲಿಲ್ಲ. ನಾನು ಹೊಲಿಯುತ್ತಿದ್ದೆ. ಸ್ವಲ್ಪ ಹೊತ್ತು ನಿಂತು, ಹೋದರು. ಪಕ್ಕದ ಮನೆಯವರಲ್ಲೊಬ್ಬಳು ಮಾತ್ರ ಉಳಿದು, ತಮ್ಮ ಮನೆಯಲ್ಲಿ ಹರಿದ ಹದಿನೈದು ಚೀಲ ಇವೆ, ಹೊಲಿದು ಕೊಡುತ್ತೀಯಾ ಅಂತ ಕೇಳಿದಳು.

ಎಂಟನೇ ದಿನದ ಮಧ್ಯಾಹ್ನಕ್ಕೆ ಆರುನೂರು ಮುಗಿಯಿತು. ರಿಜಿಸ್ಟರ್ ಆಯಿತು. ಮುಂದಿನ ವಾರ ನಾವು ಬಂದು ಸೇರಿದೆವು.

*

ದೊಡ್ಡ ಮನೆ ಕೊಂಡ ಸುದ್ದಿ ಕೇಳಿ ಸೋದರತ್ತೆ ಬಂದಳು. ಈ ಸಲ ಎರಡು ಚೀಲ ಬಟ್ಟೆ ತಂದಿದ್ದಳು. ಜೊತೆಗೆ ನನಗೊಂದು ಗಂಡಿನ ಸುದ್ದಿಯನ್ನೂ.

"ಟ್ರ್ಯಾಕ್ಟರ್ ರಿಪೇರಿ ಮಾಡ್ತಾನೆ. ಒಳ್ಳೇ ಹುಡುಗ, ಎದುರು ಮಾತೇ ಇಲ್ಲ."

"ಅವನ ಪಾಲಿನ ಮಾತನ್ನೂ ಇವಳೇ ಆಡ್ತಾಳೆ ಬಿಡು," ಅಂದಳು ಅಜ್ಜಿ. "ಅಲ್ಲಿ, ಬೀದಿ ಕಡೆ ರೂಮಲ್ಲಿ ನಿನ್ನ ಸಾಮಾನು ಇಟ್ಕೋ. ಗಾಳಿ ಬರುತ್ತೆ."

ನಾನು ಹಿತ್ತಲಿನಿಂದ ಬರುವಷ್ಟರಲ್ಲಿ ಅತ್ತೆಯ ಚೀಲಗಳು ನನ್ನ ಕಟ್ಟೆಯ ಮೇಲಿದ್ದವು. ಬಾಗಿಲು ಒದ್ದೆಯಾಗಿತ್ತು. ಮೂರು ಗೆರೆ ಇರಲಿಲ್ಲ. ನೆಂಟರು ಬಂದರೆಂದು ಅಜ್ಜಿ ಈಗಷ್ಟೇ ಒರೆಸಿದ್ದಳು.

ಅತ್ತೆಯ ಚೀಲಗಳನ್ನು ಎತ್ತಿ ಮಕ್ಕಳ ರೂಮಿನಲ್ಲಿಟ್ಟೆ. ಹಾಸಿಗೆ ಹಾಸಿ, ಕುಡಿಯುವ ನೀರಿಟ್ಟೆ. ವಾಪಸ್ಸು ಬಂದು ದಬ್ಬಳ ತೆಗೆದುಕೊಂಡು ಬಾಗಿಲ ಮುಂದೆ ನಿಂತೆ. ಹಳೇ ಮರ, ಗಟ್ಟಿ. ಎರಡು ಕೈಯಿಂದಲೂ ಒತ್ತಬೇಕಾಯಿತು. ಕರಕರ ಸದ್ದಿಗೆ ಎಲ್ಲರೂ ಬಂದು ನಿಂತರು.

"ಅಯ್ಯೋ, ಬಾಗಿಲು ಹಾಳು ಮಾಡ್ತಿದಾಳೆ!" ಅಂದ ಅಣ್ಣ.

"ಸೀಮೆಸುಣ್ಣ ಒರೆಸಿದರೆ ಹೋಗುತ್ತೆ," ಅಂದೆ. ಎರಡನೇ ಗೆರೆ ಮುಗಿದಿತ್ತು.

ಅಪ್ಪ ಏನಾದರೂ ಅಂದಾನೆಂದು ಅಜ್ಜಿ ಅವನ ಕಡೆ ನೋಡಿದಳು. ಅವನು ಕೆಳಗೆ ಬಿದ್ದ ಮರದ ಪುಡಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ, ಅಷ್ಟೇ.

ಸೋದರತ್ತೆ ಸೊಂಟದ ಮೇಲೆ ಕೈಯಿಟ್ಟು ನಕ್ಕಳು. "ಅಲ್ವೇ ಹುಚ್ಚಿ, ನಾಳೆ ಮದುವೆಯಾಗಿ ಹೋಗ್ತೀಯ. ಆಗ ಈ ರೂಮು ಯಾರಿಗೆ? ಅತಿಥಿಗಳ ರೂಮೇ ಆಗೋದು ತಾನೇ?"

ನಾನು ಮೂರನೇ ಗೆರೆಯನ್ನು ಎಡಕ್ಕೆ ವಾಲಿಸಿ, ಕೊನೆಯವರೆಗೆ ಎಳೆದು, ಪುಡಿ ಊದಿದೆ.

"ಆಗಲಿ ಅತ್ತೆ. ಆಗ ಅತಿಥಿಯಾಗಿ ಬರೋಳು ನಾನೇ ಅಲ್ವಾ?"